ಅನಿಸಿಕೆ ಸಾಹೇಬರ ಸ್ವಂತ ರಾಗ

ಪೆಟ್ಟಿಗೆ ತೆರೆಯುವುದಕ್ಕೆ ಮೊದಲೇ ತನಗೆ ಏನನ್ನಿಸಬೇಕು ಎಂಬುದು ಅವನಿಗೆ ಗೊತ್ತಿತ್ತು. ವಾದ್ಯಗಳ ಬಗ್ಗೆ ಬರೆದು ಬರೆದು ಕೈ ಪಳಗಿದವನು. ಯಾವ ಹೊಸ ಕೀಬೋರ್ಡು ಬರಲಿ, ಮೊದಲ ಪ್ಯಾರಾದಲ್ಲಿ ಕೈಗೆತ್ತಿಕೊಂಡಾಗಿನ ಭಾರ, ಆಮೇಲೆ ಗುಂಡಿಗಳ ಹದ, ಆಮೇಲೆ ನಾದ ಎಷ್ಟು ಬೆಚ್ಚಗಿದೆ ಎಂಬ ಮಾತು, ಕೊನೆಗೆ ಯಾರಿಗೂ ನೋವಾಗದಂಥ ಒಂದು ದೂರು: ವೈರು ಇನ್ನೊಂದು ಮೊಳ ಉದ್ದವಿರಬಹುದಿತ್ತು. ನಾದ ಬೆಚ್ಚಗಿರುವುದು ಎಂದರೇನು ಎಂದು ಈವರೆಗೆ ಯಾರೂ ಕೇಳಿರಲಿಲ್ಲ, ಕೇಳಿದ್ದರೆ ಅವನಿಗೂ ಹೇಳಲು ಬರುತ್ತಿರಲಿಲ್ಲ. ಇವತ್ತಿನದು ಈ ವಾರವಷ್ಟೇ ಬಿಡುಗಡೆಯಾದ ಯಂತ್ರ, ಚೀಲದಲ್ಲಿ ಹಾಕಿಕೊಂಡು ಹೋಗಬಹುದಾದ ಸಿಂಥಸೈಜರು, ಅದರೊಳಗೇ ಒಂದು ಸೀಕ್ವೆನ್ಸರು. ಸ್ನಾನಕ್ಕೆ ಮುಂಚೆಯೇ ಅವನು ಅದರ ಮೊದಲ ಅನಿಸಿಕೆಯನ್ನು ಅರ್ಧ ಬರೆದು ಮುಗಿಸಿದ್ದ. 'ಸದಾ ಓಡಾಡುವ ಸಂಗೀತಗಾರನಿಗೆ ಇದೊಂದು ವರ' ಎಂದು ಬರೆದಿಟ್ಟು, ಆಮೇಲೆ ಪೆಟ್ಟಿಗೆಯನ್ನು ಬಾಗಿಲಿನಿಂದ ಊಟದ ಮೇಜಿನವರೆಗೆ ಹೊತ್ತು ತಂದ. ಅವನ ಓಡಾಟ ಅಷ್ಟೇ.

ಎಂದಿನ ದಿನವಾಗಿದ್ದರೆ ಮಧ್ಯಾಹ್ನದೊಳಗೆ ಉಳಿದರ್ಧವನ್ನೂ ಬರೆದು ಒಂದು ನಿದ್ದೆ ತೆಗೆಯುತ್ತಿದ್ದ. ಆದರೆ ನಿನ್ನೆ ಪತ್ರಿಕೆಯ ಸಂಪಾದಕಿ ಫೋನಿನಲ್ಲಿ ಒಂದು ಮಾತು ಸೇರಿಸಿದ್ದಳು. "ಈ ಸಲ ಲೇಖನದ ಜೊತೆ ನೀವೇ ಅದರಲ್ಲಿ ಮಾಡಿದ ಒಂದು ಸಣ್ಣ ಟ್ಯೂನ್ ಕೂಡ ಕಳಿಸಿಬಿಡಿ ಸರ್. ಓದುಗರು ಕೇಳ್ತಾರೆ, ಇವರು ಬರೀ ಮಾತಾಡ್ತಾರಲ್ಲ, ಏನಾದ್ರೂ ನುಡಿಸ್ತಾರಾ ಅಂತ." ಅವನು ನಕ್ಕಿದ್ದ. ಅವಳೂ ನಕ್ಕಿದ್ದಳು. ಇಬ್ಬರ ನಗುವಿನಲ್ಲಿ ಅವಳದು ನಿಜವಾದದ್ದು ಎಂಬುದು ಅವನಿಗೆ ರಾತ್ರಿಯಿಡೀ ಚುಚ್ಚುತ್ತಿತ್ತು. ಬರೀ ಮಾತಾಡುವವನು ಎಂದು ಹೇಳುವುದಕ್ಕೆ ಓದುಗರೇ ಬೇಕಾಗಿರಲಿಲ್ಲ. ಮನೆಯಲ್ಲೇ ಹೆಂಡತಿಯ ತಮ್ಮ ಅವನಿಗೆ 'ಅನಿಸಿಕೆ ಸಾಹೇಬರು' ಎಂದು ಹೆಸರಿಟ್ಟು ಎಷ್ಟೋ ಕಾಲವಾಗಿತ್ತು. ಬಂದಾಗಲೆಲ್ಲ ಚಪ್ಪಲಿ ಬಿಡುತ್ತಲೇ, "ಏನ್ ಭಾವ, ಈ ವಾರ ಏನನ್ನಿಸ್ತು?" ಎಂದು ಶುರುಮಾಡುತ್ತಿದ್ದ. ಹೆಂಡತಿ ಸುಮ್ಮನಿರು ಎಂಬಂತೆ ತಮ್ಮನ ಕಡೆ ಕಣ್ಣು ಬಿಡುತ್ತಿದ್ದಳು. ಅವಳು ಹಾಗೆ ಕಣ್ಣು ಬಿಡುವುದೇ ಅವನಿಗೆ ಆ ಮಾತಿಗಿಂತ ಹೆಚ್ಚು ತಾಗುತ್ತಿತ್ತು, ಏಕೆಂದರೆ ಯಾವ ಮಾತಿನಲ್ಲಿ ಹುರುಳಿಲ್ಲವೋ ಅದಕ್ಕೆ ಯಾರೂ ಕಣ್ಣು ಬಿಡುವುದಿಲ್ಲ.

ಪ್ಲಾಸ್ಟಿಕ್ ಹಾಳೆ ಸುಲಿದ. ಈ ಸುಲಿಯುವುದರಲ್ಲಿ ಅವನಿಗೆ ನಿಜವಾಗಿ ಖುಷಿಯಿತ್ತು. ಅವನ ಬರಹದಲ್ಲಿ ಸುಳ್ಳಿಲ್ಲದ ಭಾಗವೆಂದರೆ ಇದೊಂದೇ. ಯಂತ್ರ ಒಂದು ದಪ್ಪ ಪುಸ್ತಕದಷ್ಟಿತ್ತು, ಬೂದು ಬಣ್ಣ, ಮೇಲೆ ತಿರುಗಿಸುವ ನಾಬುಗಳು, ಕೆಳಗೆ ಸಾಲಾಗಿ ಹದಿನಾರು ಗುಂಡಿ. ಒಂದೊಂದು ಗುಂಡಿಯಲ್ಲಿ ಒಂದೊಂದು ಸ್ವರ ಕೂರಿಸಿಟ್ಟರೆ ಯಂತ್ರ ತಾನೇ ಅವನ್ನು ಸುತ್ತಿ ಸುತ್ತಿ ನುಡಿಸುತ್ತದೆ, ನಿಲ್ಲಿಸು ಎನ್ನುವವರೆಗೂ. ಸೀಕ್ವೆನ್ಸರು ಎಂದರೆ ಇಷ್ಟೇ. ಹಿಂದೆ ಆರ್ಕೆಸ್ಟ್ರಾದಲ್ಲಿ ಎರಡನೇ ಸಾಲಿನಲ್ಲಿ ಕೀಬೋರ್ಡು ನುಡಿಸುತ್ತಿದ್ದಾಗ ಅವನೂ ಹೀಗೇ ಇದ್ದ. ಯಾರೋ ಮಾಡಿದ ಹಾಡು, ಯಾರೋ ಹೇಳಿದ ವೇಗ, ನಿಲ್ಲಿಸು ಎನ್ನುವವರೆಗೂ. ಅಲ್ಲೇ ಹೆಂಡತಿ ಅವನನ್ನು ಮೊದಲು ನೋಡಿದ್ದು, ಎಲ್ಲರೂ ಗಾಯಕಿಯನ್ನು ನೋಡುತ್ತಿದ್ದರೆ ಇವಳು ಎರಡನೇ ಸಾಲನ್ನು. ಮದುವೆಯಾದ ಹೊಸದರಲ್ಲಿ ಬಟ್ಟೆ ಮಡಚುತ್ತಾ ಕೇಳಿದ್ದಳು, "ಇವೆಲ್ಲ ಬೇರೆಯವರದ್ದು. ನಿಮ್ಮದು ಅಂತ ಒಂದು ಮಾಡ್ರಿ, ನಾನೊಬ್ಬಳೇ ಕೇಳ್ತೀನಿ." ಆಗಲಿ ಎಂದಿದ್ದ. ಒಳ್ಳೆಯ ವಾದ್ಯ ಸಿಗಲಿ ಎಂದಿದ್ದ. ಆಮೇಲೆ ವಾದ್ಯಗಳು ಒಂದರ ಹಿಂದೊಂದು ಬಂದವು, ಕೆಲವು ಬಹಳ ಒಳ್ಳೆಯವೂ ಆಗಿದ್ದವು, ಅವನು ಅವು ಬಹಳ ಒಳ್ಳೆಯವು ಎಂದು ಬರೆದು ವಾಪಸು ಕಳಿಸಿದ. ಅವಳು ಎರಡನೇ ಸಲ ಕೇಳಲಿಲ್ಲ.

ಕೈಪಿಡಿಯನ್ನು ಪೆಟ್ಟಿಗೆಯಲ್ಲೇ ಬಿಟ್ಟ. ಕೈಪಿಡಿ ನೋಡಿ ನುಡಿಸುವವನು ವಾದ್ಯಗಾರನಲ್ಲ ಎಂದು ಹಿಂದೊಮ್ಮೆ ಬರೆದಿದ್ದ, ಆ ಸಾಲನ್ನು ನಾಲ್ಕು ಜನ ಮೆಚ್ಚಿಕೊಂಡಿದ್ದರು, ಅಂದಿನಿಂದ ಅದೊಂದು ವ್ರತವಾಗಿಬಿಟ್ಟಿತ್ತು. ವ್ರತದ ಫಲವಾಗಿ, ಯಂತ್ರ ಚಾಲೂ ಮಾಡುವ ಗುಂಡಿ ಹಿಂಬದಿಯಲ್ಲಿದೆ ಎಂದು ತಿಳಿಯಲು ಬಹಳ ಹೊತ್ತು ಹಿಡಿಯಿತು. ಹೆಡ್‌ಫೋನು ಹಾಕಿಕೊಂಡು ಒಂದು ಸ್ವರ ಒತ್ತಿದ. ಬೆಚ್ಚಗಿತ್ತೋ ತಣ್ಣಗಿತ್ತೋ, ಒಂದು ಸ್ವರ. ಇನ್ನೊಂದು ಒತ್ತಿದ. ಗುಂಡಿ ಹಿಡಿದು ಸ್ವರ ಆರಿಸಿ, ಬಿಟ್ಟು, ಮುಂದಿನ ಗುಂಡಿ ಹಿಡಿದು, ಹೀಗೆ ಸಾಲಿನುದ್ದಕ್ಕೂ ಹೋದ. ಮತ್ತೆ ಹಿಂದಕ್ಕೆ ಬಂದು ಅಲ್ಲೊಂದು ತೆಗೆದ, ಇಲ್ಲೊಂದು ಏರಿಸಿದ. ಬೆನ್ನು ಬಗ್ಗಿತ್ತು, ನಾಲಿಗೆಯ ತುದಿ ತುಟಿಯಿಂದ ಹೊರಗೆ ಬಂದಿತ್ತು, ಕಾಫಿ ಆರಿ ಕೆನೆ ಕಟ್ಟಿತ್ತು. ಬೆರಳುಗಳು ಏನೋ ಹುಡುಕುತ್ತಿವೆ, ಅವಕ್ಕೆ ದಾರಿ ಗೊತ್ತಿದೆ, ತಾನು ಸುಮ್ಮನೆ ಹಿಂದೆ ಹೋದರೆ ಸಾಕು ಎಂದು ಅನಿಸಿತು. ಹೀಗೆ ಅನಿಸಿ ಎಷ್ಟು ಕಾಲವಾಗಿತ್ತು! ಯಾವ ಗುಂಡಿಯಲ್ಲಿ ಏನು ಕೂರಿಸಿದೆ ಎಂಬುದರ ಲೆಕ್ಕ ತಪ್ಪಿಹೋಯಿತು, ತಪ್ಪಿದ್ದೇ ಒಳ್ಳೆಯದು ಎಂದೂ ಅನಿಸಿತು. ಸೃಷ್ಟಿ ಎಂದರೆ ಹೀಗೇ ಇರಬೇಕು. ಹೆಡ್‌ಫೋನು ಕಿತ್ತು ಸ್ಪೀಕರಿಗೆ ಕೊಟ್ಟ, ಉಸಿರು ಬಿಗಿಹಿಡಿದು ನುಡಿಸುವ ಗುಂಡಿ ಒತ್ತಿದ.

ಮೂರು ಸ್ವರಗಳು ಮೆಲ್ಲಗೆ ಮೇಲೇರಿದವು. ನಾಲ್ಕನೆಯದು ಬರಬೇಕಾದ ಜಾಗದಲ್ಲಿ ಏನೂ ಬರಲಿಲ್ಲ. ಒಂದು ಕ್ಷಣ ಕೋಣೆಯಲ್ಲಿ ಫ್ರಿಜ್ಜಿನ ಸದ್ದು ಮಾತ್ರ. ಆಮೇಲೆ ನಿರೀಕ್ಷಿಸದ ಕಡೆಯಿಂದ, ಕೆಳಗಿನಿಂದ, ಆ ಸ್ವರ ನಾಚಿಕೊಂಡು ಬಂದಿತು, ಬಂದು ಉಳಿದವನ್ನೆಲ್ಲ ಕರೆದುಕೊಂಡು ಇಳಿದುಹೋಯಿತು. ಮತ್ತೆ ಮೊದಲಿನಿಂದ. ಈ ಮೌನವನ್ನು ತಾನು ಯಾವಾಗ ಇಟ್ಟೆ? ಗೊತ್ತಿಲ್ಲ, ಆದರೆ ಇಟ್ಟವನು ತಾನೇ, ಮತ್ಯಾರು, ಮನೆಯಲ್ಲಿ ಬೇರೆ ಯಾರಿದ್ದಾರೆ? ಕೇಳುತ್ತ ಹೋದಂತೆ ಅದು ಎಲ್ಲಿಂದ ಬಂದಿದ್ದೆಂಬುದೂ ಗೊತ್ತಾಗತೊಡಗಿತು. ಅಪ್ಪ ಬಾಗಿಲಲ್ಲಿ ನಿಂತು ಏನೋ ಹೇಳಲು ಹೋಗಿ ಹೇಳದೆ ಕೆಲಸಕ್ಕೆ ಹೊರಟುಬಿಡುತ್ತಿದ್ದುದು. ಆರ್ಕೆಸ್ಟ್ರಾದ ಯಜಮಾನ ಎಲ್ಲರೆದುರು "ನೀನು ಸುಮ್ನೆ ಕೂತ್ಕೊಂಡ್ರೂ ಹಾಡು ಹಾಗೇ ಕೇಳ್ಸುತ್ತೆ ಬಿಡಪ್ಪ" ಎಂದಾಗ ಎಲ್ಲರೂ ನಕ್ಕು, ತಾನೂ ನಕ್ಕದ್ದು. ಎಲ್ಲ ಇದರೊಳಗಿತ್ತು. ಹದಿನಾರು ಗುಂಡಿಯಲ್ಲಿ ಇಡೀ ಬದುಕು ಹಿಡಿಸಿಬಿಟ್ಟಿತ್ತು. ಕಣ್ಣು ಒರೆಸಿಕೊಂಡ. ಕನ್ನಡಿ ಇದ್ದಿದ್ದರೆ ಒರೆಸಿಕೊಳ್ಳುವುದನ್ನು ನೋಡಿಕೊಂಡೂ ಬಿಡುತ್ತಿದ್ದ.

ಹೆಂಡತಿ ಊಟಕ್ಕೆ ಬಂದಾಗಲೂ ರಾಗ ಸುತ್ತುತ್ತಲೇ ಇತ್ತು. ಹತ್ತಿರದ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವುದು ಅವಳ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಜನರ ಕಣ್ಣೆದುರು ಗಾಜು ಬದಲಿಸುತ್ತ, ಇದು ಚೆನ್ನಾಗಿ ಕಾಣುತ್ತಾ, ಇದಾ ಎಂದು ಕೇಳಿ ಕೇಳಿ ಮನೆಗೆ ಬರುವಾಗ ಅವಳಿಗೆ ಮಾತೇ ಬೇಡವಾಗಿರುತ್ತಿತ್ತು. ಚೀಲವನ್ನು ಕುರ್ಚಿಗೆ ನೇತು ಹಾಕಲು ಹೋದವಳು ಹಾಗೇ ನಿಂತಳು. ಎರಡು ಸುತ್ತು ಕೇಳಿದಳು. ಚೀಲ ಕೈಯಲ್ಲೇ ಇತ್ತು.

"ಇದು ಯಾರದ್ದು?"

"ಸುಮ್ನೆ ಹೀಗೇ," ಅಂದ ಅವನು. ತನ್ನ ದನಿಯಲ್ಲಿದ್ದ ವಿನಯ ಅವನಿಗೇ ಹೊಸದಾಗಿತ್ತು. "ಬೆಳಗ್ಗೆ ಕೂತಿದ್ದೆ, ಬಂತು."

"ನೀವಾ?"

"ಹೂಂ."

ಅವಳು ಕುರ್ಚಿ ಎಳೆದು ಕುಳಿತಳು. ಮೂರನೇ ಸುತ್ತು, ನಾಲ್ಕನೇ ಸುತ್ತು. ಅವಳ ಮುಖ ನೋಡಲು ಅವನಿಗೆ ಧೈರ್ಯ ಬರಲಿಲ್ಲ, ಮೇಜಿನ ಮೇಲಿದ್ದ ಉಪ್ಪಿನ ಡಬ್ಬಿಯನ್ನು ನೋಡುತ್ತಿದ್ದ. "ಆ ನಡುವೆ ನಿಲ್ಲುತ್ತಲ್ಲ ರೀ," ಅಂದಳು ಕೊನೆಗೆ, "ಯಾರೋ ಏನೋ ಹೇಳ್ಬೇಕು ಅಂತ ಬಾಯಿ ತೆಗೆದು ಸುಮ್ಮನಾಗ್ಬಿಟ್ಟ ಹಾಗೆ. ಅದು ಥೇಟ್ ನೀವು. ಇಷ್ಟು ವರ್ಷ ಇದನ್ನೆಲ್ಲಿ ಇಟ್ಕೊಂಡಿದ್ರಿ?" ಅವಳ ದನಿ ಒದ್ದೆಯಾಗಿತ್ತು. ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟಳು, ಆ ಕೈ ಅಲ್ಲಿಗೆ ಬಂದು ಬಹಳ ದಿನವಾಗಿತ್ತು, ದಾರಿ ನೆನಪು ಮಾಡಿಕೊಂಡು ಬಂದಂತಿತ್ತು. ಅನ್ನ ಬಡಿಸುತ್ತಲೇ ತಮ್ಮನಿಗೆ ಫೋನು ಹಚ್ಚಿದಳು. "ನಿಮ್ಮ ಭಾವ ಒಂದು ಟ್ಯೂನ್ ಮಾಡಿದ್ದಾರೆ ಕಣೋ. ಹೂಂ, ಅವರೇ. ನಗ್ಬೇಡ, ನಗೋ ಹಾಗಿಲ್ಲ, ಬಂದು ಕೇಳು, ಆಮೇಲೆ ಮಾತಾಡು." ಅವನು ತಲೆ ತಗ್ಗಿಸಿ ಉಂಡ. ತಿನ್ನುತ್ತಿದ್ದುದು ಏನೆಂದು ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ. ಅವಳು ವಾಪಸು ಹೊರಡುವಾಗ ಬಾಗಿಲಲ್ಲಿ ತಿರುಗಿ ನಿಂತು ಸುಮ್ಮನೆ ನಕ್ಕಳು, ಎರಡನೇ ಸಾಲಿನತ್ತ ನೋಡುವವರ ನಗು ಅದು.

ಸಂಪಾದಕಿಗೆ ರಾಗ ಕಳಿಸಬೇಕಿತ್ತು. ಕಳಿಸುವ ಮೊದಲು ಅದನ್ನು ಯಂತ್ರದಲ್ಲಿ ಉಳಿಸಿಡಬೇಕಿತ್ತು. ಉಳಿಸುವುದು ಹೇಗೆಂದು ಯಾವ ಗುಂಡಿಯೂ ಹೇಳಲಿಲ್ಲ, ಕೈತಪ್ಪಿ ಅಳಿಸಿಹೋದರೆ ಏನು ಗತಿ ಎಂದು ಹೆದರಿ ವ್ರತ ಮುರಿದು ಕೈಪಿಡಿ ತೆಗೆದ. ಎರಡನೇ ಪುಟದಲ್ಲಿ ದಪ್ಪ ಅಕ್ಷರದಲ್ಲಿತ್ತು. ಸ್ವರಗಳನ್ನು ಕೂರಿಸುವಾಗ ಕೆಂಪು ದೀಪ ಉರಿಯುತ್ತಿರಬೇಕು. ಉರಿಯದಿದ್ದರೆ ಒತ್ತಿದ ಸ್ವರ ಕೇಳಿಸುತ್ತದೆ, ಆದರೆ ಯಂತ್ರದಲ್ಲಿ ಉಳಿಯುವುದಿಲ್ಲ. ಬೆಳಗಿನಿಂದ ಕೆಂಪು ದೀಪ ಎಲ್ಲಾದರೂ ಉರಿದಿತ್ತೆ? ಅಂಥದ್ದೊಂದು ದೀಪ ಇದೆಯೆಂದೇ ಅವನಿಗೆ ಗೊತ್ತಿರಲಿಲ್ಲ. ಕೆಳಗಿನ ಸಾಲು ಓದುವುದು ಬೇಡವೆನಿಸಿತು, ಓದಿದ. ಒಂದರಿಂದ ಎಂಟರವರೆಗಿನ ಜಾಗಗಳಲ್ಲಿ ಕಂಪನಿಯೇ ಕೂರಿಸಿದ ಮಾದರಿ ರಾಗಗಳಿವೆ. ಯಂತ್ರ ಚಾಲೂ ಆದಾಗ ಒಂದನೆಯದು ತಾನಾಗಿ ಸಿದ್ಧವಾಗಿರುತ್ತದೆ. ಬಳಕೆದಾರರು ಇವುಗಳಲ್ಲಿ ಮಾರ್ಪಾಟು ಮಾಡಿಕೊಳ್ಳಬಹುದು, ಆದರೆ ಯಂತ್ರ ಆರಿಸಿ ಮತ್ತೆ ಹಚ್ಚಿದರೆ ಮೂಲ ರಾಗವೇ ಮರಳುತ್ತದೆ. ಯಂತ್ರ ಆರಿಸಿದ. ಹಚ್ಚಿದ. ಒಂದೂ ಸ್ವರ ಮುಟ್ಟದೆ ನುಡಿಸುವ ಗುಂಡಿ ಒತ್ತಿದ. ಮೂರು ಸ್ವರ ಮೇಲೇರಿದವು. ಫ್ರಿಜ್ಜಿನ ಸದ್ದು. ನಾಲ್ಕನೆಯದು ನಾಚಿಕೊಂಡು ಕೆಳಗಿನಿಂದ ಬಂತು.

ಮೊದಲು ಅವನಿಗೆ ಬಂದದ್ದು ಸಿಟ್ಟು, ಅದೂ ಕಂಪನಿಯ ಮೇಲೆ. ಇಂಥ ರಾಗವನ್ನು ಮಾದರಿಗೆಂದು ಇಡುವುದು ಸರಿಯೇ? ಮಾದರಿ ರಾಗ ಎಂದರೆ ಅಂಗಡಿಗೆ ಬಂದವರು ಕೇಳಿ ಮರೆಯುವಂತಿರಬೇಕು, ಅದಕ್ಕೊಂದು ಮರ್ಯಾದೆ ಇದೆ. ಆಮೇಲೆ ಅಪ್ಪ ಬಾಗಿಲಲ್ಲಿ ನಿಂತದ್ದು, ಯಜಮಾನನ ಮಾತು, ಎಲ್ಲ ನೆನಪಾಗಿ ಮೈಯೆಲ್ಲ ಹಿಡಿಯಾಯಿತು. ಯಾವುದೋ ಕಾರ್ಖಾನೆಯ ಕೋಣೆಯಲ್ಲಿ ಸಂಬಳಕ್ಕೆ ಕೂತ ಯಾರೋ ಒಬ್ಬ, ಊಟದ ಹೊತ್ತಾಯಿತೆಂದು ಒಂದು ಸ್ವರ ಬಿಟ್ಟು ಎದ್ದು ಹೋಗಿರಬಹುದು. ಅಲ್ಲಿ ಇವನು ತನ್ನ ಅಪ್ಪನನ್ನು ತಂದು ನಿಲ್ಲಿಸಿ ಕಣ್ಣೀರು ಹಾಕಿದ್ದ! ಈ ನಾಚಿಕೆಯನ್ನಾದರೂ ನುಂಗಿಕೊಳ್ಳಬಹುದಿತ್ತು, ಒಂಟಿಯಾಗಿ ಪಟ್ಟ ನಾಚಿಕೆಗೆ ಅಷ್ಟು ಬೆಲೆಯಿಲ್ಲ. ಆದರೆ ಹೆಗಲ ಮೇಲೆ ಆ ಕೈ ಬಂದಿತ್ತು. ಈಗ ಫೋನು ಮಾಡಿ, ಅದು ನನ್ನದಲ್ಲ, ಯಂತ್ರದ ಜೊತೆಗೇ ಬಂದದ್ದು ಅಂದರೆ ಅವಳು ನಗುವುದಿಲ್ಲ, ಬೈಯುವುದೂ ಇಲ್ಲ. "ಅಯ್ಯೋ, ಹೋಗ್ಲಿ ಬಿಡ್ರಿ" ಅನ್ನುತ್ತಾಳೆ. ಆ 'ಹೋಗ್ಲಿ ಬಿಡ್ರಿ' ಅವನಿಗೆ ಬೇಡವಾಗಿತ್ತು. ಇಷ್ಟು ವರ್ಷ ಅದರ ಮೇಲೇ ಸಂಸಾರ ನಡೆದಿತ್ತು.

ದಾರಿ ಇತ್ತು, ಕೈಪಿಡಿಯೇ ಹೇಳಿತ್ತು. ಮಾರ್ಪಾಟು ಮಾಡಿಕೊಳ್ಳಬಹುದು. ಒಂದು ಸ್ವರ ಬದಲಿಸಿದರೆ ಅಷ್ಟು ಪಾಲು ತನ್ನದು, ಎಂಟು ಬದಲಿಸಿದರೆ ಅರ್ಧ, ಅರ್ಧ ತನ್ನದಾದ ಮೇಲೆ ತನ್ನದು ಎನ್ನುವುದು ಪೂರ್ತಿ ಸುಳ್ಳಾಗುವುದಿಲ್ಲ. ಕೆಂಪು ದೀಪ ಹಚ್ಚಿಕೊಂಡು ಕುಳಿತ. ಎರಡನೇ ಸ್ವರ ಏರಿಸಿದ, ರಾಗ ಸೀನಿದಂತಾಯಿತು. ಇಳಿಸಿದ, ಕುಂಟಿತು. ಕೊನೆಯದನ್ನು ಮುಟ್ಟಿದ, ಮುಗಿಯುವಲ್ಲಿ ಮುಗಿಯದೆ ಬಾಗಿಲಲ್ಲಿ ನಿಂತ ಅತಿಥಿಯ ಹಾಗೆ ಎಳೆಯಿತು. ಮೌನದ ಜಾಗಕ್ಕೆ ಒಂದು ಸ್ವರ ತುಂಬಿ ನೋಡಿದ, ತಕ್ಷಣ ತೆಗೆದ. ಏನು ಮಾಡಿದರೂ ಮೊದಲಿನದೇ ಚೆನ್ನಾಗಿತ್ತು. ಬಾಲ ಸುಟ್ಟ ಬೆಕ್ಕಿನ ಹಾಗೆ ಕೋಣೆಯಲ್ಲಿ ಓಡಾಡಿ ಬಂದು ಮತ್ತೆ ಕುಳಿತ. ನಡುವೆ ಸಂಪಾದಕಿಯ ಫೋನು ಬಂತು. "ಆಯ್ತಾ ಸರ್? ಹೇಗಿದೆ ಮಷೀನು?" "ನಾದ ಬೆಚ್ಚಗಿದೆ," ಅಂದ. "ಟ್ಯೂನ್?" "ಅದೂ ಬರ್ತಾ ಇದೆ ಮೇಡಂ, ಹದಕ್ಕೆ ಬರ್ಬೇಕು." ಹದ ಎಂಬ ಪದ ಅವನಿಗೆ ಯಾವತ್ತೂ ಕೈಕೊಟ್ಟಿರಲಿಲ್ಲ.

ಸಂಜೆ ಹೆಂಡತಿ ಬಂದಾಗ ಅವನಿನ್ನೂ ಮೇಜಿನ ಮುಂದೆಯೇ ಇದ್ದ. ಅವಳು ಒಳಗೆ ಪಾತ್ರೆ ಇಳಿಸುತ್ತ ಕಿವಿ ಇತ್ತ ಕೊಟ್ಟಿದ್ದಳು. ಅವನು ಬದಲಿಸಿದ್ದನ್ನು ಒಂದು ಸಲ, ಮೂಲದ್ದನ್ನು ಒಂದು ಸಲ ಹಾಕಿ, ಬೇಕೆಂದೇ ಏನೂ ಅಲ್ಲವೆಂಬ ದನಿಯಲ್ಲಿ ಕೇಳಿದ, "ಇದು ಚೆನ್ನಾಗಿದೆಯಾ, ಇದಾ?"

"ಎರಡನೇದು," ಬಂತು ಒಳಗಿಂದ, ತಡಮಾಡದೆ.

ಇನ್ನೆರಡು ಸ್ವರ ಬದಲಿಸಿ ಹಾಕಿದ. "ಈಗ?"

"ಆಗಿನದೇ. ಯಾಕ್ರೀ ಸುಮ್ನೆ ಅದನ್ನ ಕೆದಕ್ತೀರ? ಒಳ್ಳೇದು ಮಾಡಿದ್ರೂ ನಿಮಗೆ ನೆಮ್ಮದಿ ಇಲ್ಲ. ಬೆಳಗ್ಗೆ ಹೇಗೆ ಬಂತೋ ಹಾಗೇ ಇರ್ಲಿ ಬಿಡಿ." ಆ ದನಿಯಲ್ಲಿ ಬೈಗುಳವಿರಲಿಲ್ಲ, ಹೆಮ್ಮೆಯಿತ್ತು. ಗಂಡನ ಪ್ರತಿಭೆಯನ್ನು ಗಂಡನಿಂದ ಕಾಪಾಡುವ ಹೆಂಗಸಿನ ಹೆಮ್ಮೆ. ಅವನಿಗೆ ಹಲ್ಲು ಕಚ್ಚಿಕೊಳ್ಳದೆ ಬೇರೆ ದಾರಿ ಕಾಣಲಿಲ್ಲ. ಆ ಕಾರ್ಖಾನೆಯವನು ಮನೆಯೊಳಗೆ ಬಂದು ಅವನ ಕುರ್ಚಿಯಲ್ಲೇ ಕುಳಿತು ಕಾಲು ಚಾಚಿದಂತಾಯಿತು.

ಆಗ ಅವನೊಂದು ನಿರ್ಧಾರ ಮಾಡಿದ, ಅದು ನಿಜಕ್ಕೂ ಅವನ ಬದುಕಿನಲ್ಲಿ ಅಪರೂಪದ ಕೆಲಸ. ಇದನ್ನು ತೇಪೆ ಹಾಕುವುದು ಬೇಡ. ಒಂಬತ್ತನೇ ಜಾಗ ಖಾಲಿಯಿದೆ. ಅಲ್ಲಿ ಮೊದಲಿನಿಂದ, ಕೆಂಪು ದೀಪವೇ ಸಾಕ್ಷಿಯಾಗಿ, ತನ್ನದೇ ಒಂದು ಮಾಡುವುದು. ಅದನ್ನು ಅವಳಿಗೆ ಕೇಳಿಸುವುದು. ಅವಳಿಗೆ ಹಿಡಿಸಿದರೆ, ಪೂರ್ತಿ ಬೇಡ, ಸ್ವಲ್ಪ ಹಿಡಿಸಿದರೂ ಸಾಕು, ಬೆಳಗಿನದು ನನ್ನದಲ್ಲ ಕಣೆ, ಇದು ನನ್ನದು ಎಂದು ಹೇಳಿಬಿಡುವುದು. ಹೇಳಿ ಹಗುರಾಗುವುದು. ಹೆಡ್‌ಫೋನು ಹಾಕಿಕೊಂಡ. ಯಾವ ಸ್ವರ ಎಲ್ಲಿ ಎಂದು ಈ ಸಲ ಪ್ರತಿಯೊಂದೂ ಅವನಿಗೆ ತಿಳಿದಿತ್ತು. ಅಳೆದು ಕೂರಿಸಿದ, ತೂಗಿ ಕೂರಿಸಿದ. ಬೆರಳುಗಳು ಈಗ ಎಲ್ಲಿಗೂ ಕರೆದೊಯ್ಯಲಿಲ್ಲ, ಅವನೇ ಅವುಗಳ ಕಿವಿ ಹಿಡಿದು ಎಳೆದುಕೊಂಡು ಹೋದ. ಒಂದು ಮೌನವನ್ನೂ ಇಟ್ಟ, ಬೇರೆ ಜಾಗದಲ್ಲಿ. ಕೇಳಿದ. ತಪ್ಪೇನೂ ಇರಲಿಲ್ಲ. ಇನ್ನೊಮ್ಮೆ ಕೇಳಿದ. ನಿಜಕ್ಕೂ ತಪ್ಪೇನೂ ಇರಲಿಲ್ಲ. ಬೇರೆಯವರು ಮಾಡಿದ್ದಾಗಿದ್ದರೆ ಇದರ ಬಗ್ಗೆ ಎರಡು ಒಳ್ಳೆಯ ಪ್ಯಾರಾ ಬರೆಯಬಹುದಿತ್ತು.

"ಬಾ ಇಲ್ಲಿ," ಅಂದ. "ಒಂದು ಕೇಳು."

ಅವಳು ಕೈ ಒರೆಸಿಕೊಳ್ಳುತ್ತ ಬಂದು ಎದುರಿನ ಕುರ್ಚಿಯಲ್ಲಿ ಕುಳಿತಳು. ಅವನು ಹೆಡ್‌ಫೋನಿನ ವೈರು ಕಿತ್ತು, ಒಂಬತ್ತು ಒತ್ತಿ, ನುಡಿಸಲು ಬಿಟ್ಟ. ಈ ಸಲ ಉಪ್ಪಿನ ಡಬ್ಬಿ ನೋಡಲಿಲ್ಲ, ಅವಳ ಮುಖವನ್ನೇ ನೋಡಿದ. ಅವಳು ಕೇಳಿದಳು. ಗಮನವಿಟ್ಟೇ ಕೇಳಿದಳು, ಅದು ಅವಳ ಕಸುಬು. ಒಂದು ಸುತ್ತಾಯಿತು. ಎರಡನೇ ಸುತ್ತಿನ ನಡುವೆ ಕೈಯ ಮೇಲೆ ಅಂಟಿದ್ದ ಏನನ್ನೋ ಉಗುರಿನಿಂದ ಕೆರೆದಳು. ಮೂರನೇ ಸುತ್ತು ಶುರುವಾಗುವಾಗ ತಲೆಯೆತ್ತಿ, ಯಾವ ದುರುದ್ದೇಶವೂ ಇಲ್ಲದೆ ಕೇಳಿದಳು.

"ಇದು ಆ ಮಷೀನ್ ಜೊತೆಗೇ ಬಂದಿದ್ದಾ?"

ಯಂತ್ರ ನುಡಿಸುತ್ತಲೇ ಇತ್ತು. ಹೇಳಬೇಕೆಂದುಕೊಂಡ ಮಾತು ಗಂಟಲಿನವರೆಗೆ ಬಂದಿತ್ತು, ಅವನು ಬಾಯಿಯನ್ನೂ ತೆರೆದಿದ್ದ.

"ಹೂಂ," ಅಂದ. "ಕಂಪನಿಯವರದ್ದು."

"ಅದಕ್ಕೇ." ಅವಳಿಗೆ ಸಮಾಧಾನವಾಯಿತು. ಮೇಜಿನ ಮೇಲಿಂದ ಕೈ ಚಾಚಿ ಅವನ ಮಣಿಕಟ್ಟು ಹಿಡಿದಳು. "ಕೇಳಿದ ತಕ್ಷಣ ಅಂದ್ಕೊಂಡೆ, ಎಲ್ಲ ಸರಿಯಾಗೇ ಇದೆ, ಆದ್ರೆ ಇದ್ರಲ್ಲಿ ನೀವೆಲ್ಲೂ ಇಲ್ಲ ಅಂತ. ಆರಿಸಿ ಅದನ್ನ. ನಿಮ್ಮದು ಹಾಕಿ."

ಅವನು ಯಂತ್ರ ಆರಿಸಿದ. ಹಚ್ಚಿದ. ಒಂದನೆಯದು ತಾನಾಗಿ ಸಿದ್ಧವಾಗಿತ್ತು. ಅವಳು ಅವನ ಕೈ ಬಿಡದೆ ಕಣ್ಣು ಮುಚ್ಚಿಕೊಂಡಳು, ಅವಳ ಕಾಲು ಮೇಜಿನಡಿ ಮೆಲ್ಲಗೆ ತಾಳ ಹಾಕತೊಡಗಿತು. ರಾಗ ಮುಗಿದು ಮತ್ತೆ ಮೊದಲಿನಿಂದ ಶುರುವಾಯಿತು, ಮುಗಿದು ಮತ್ತೆ ಶುರುವಾಯಿತು. ಅವನು ನಿಲ್ಲಿಸಲಿಲ್ಲ.